ಉದ್ದ ಹೆಜ್ಜೆಯವರಿಲ್ಲದ ಊರು

ಗಡಿಯಾರಕ್ಕೆ ಇನ್ನೂ ಮುಳ್ಳು ಮೂಡದಿದ್ದ ಕಾಲದಲ್ಲಿ ಒಂದು ಊರಿತ್ತಂತೆ. ಆ ಊರಿನ ಮನೆಗಳೆಲ್ಲ ಒಂದೇ ಅಳತೆ, ಬೀದಿಗಳೆಲ್ಲ ನೂಲು ಹಿಡಿದಷ್ಟು ನೇರ. ಯಾರೂ ತಮ್ಮ ಹೊಸಿಲು ದಾಟುವಂತಿರಲಿಲ್ಲ. ಆದರೆ ಮನೆಮನೆಗೂ ನಡುವೆ ಒಂದು ಹಗ್ಗ. ಒಬ್ಬ ನಡುಗಿದರೆ ಪಕ್ಕದವನಿಗೂ ನಡುಕ, ಅವನು ನಡುಗಿದರೆ ಅವನಾಚೆಯವನಿಗೂ. ಊರ ತುದಿಗೆ ಬೆಂಕಿ ಬಿದ್ದರೆ ಜನ ಓಡುತ್ತಿರಲಿಲ್ಲ, ನಡುಕ ಓಡುತ್ತಿತ್ತು. ಕೆಲವು ನಡುಕ ಗಿಡ್ಡ ಹೆಜ್ಜೆಯವು. ನಾಲ್ಕು ಮನೆ ದಾಟುವುದರೊಳಗೆ ಎದುರು ಬಂದದ್ದಕ್ಕೆ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತಿದ್ದವು. ಕೆಲವು ಉದ್ದ ಹೆಜ್ಜೆಯವು. ಅವಕ್ಕೆ ಮನೆಗಳು ಕಣ್ಣಿಗೇ ಬೀಳುತ್ತಿರಲಿಲ್ಲ. ಬೀದಿಗೆ ಬೀದಿಯನ್ನೇ ಒಂದು ಹೆಜ್ಜೆಗೆ ದಾಟಿ, ಬಿಸಿಯನ್ನು ಹೊತ್ತು, ಊರಾಚೆ ಚೆಲ್ಲಿ ಬರುತ್ತಿದ್ದವಂತೆ.

ಈ ಕಥೆ ಅಜ್ಜಿ ಮೊಮ್ಮಗಳಿಗೆ ಹೇಳಿದ್ದಲ್ಲ, ಮೊಮ್ಮಗಳು ಅಜ್ಜಿಗೆ ಹೇಳಿದ್ದು. ಕಥೆ ಕೇಳಿಸಿಕೊಂಡೇ ಬೆಳೆದ ಹುಡುಗಿಗೆ ತನ್ನ ಕೆಲಸವನ್ನು ಇನ್ನು ಹೇಗೆ ಹೇಳಬೇಕೆಂದು ತಿಳಿದಿರಲಿಲ್ಲ. ಊರೆಂದರೆ ಹರಳು, ಮನೆಗಳೆಂದರೆ ಪರಮಾಣು, ನಡುಕವೇ ಬಿಸಿ.

"ಅಂದ್ರೆ ನೀನು ದಿನವಿಡೀ ನಡುಗೋರನ್ನ ಎಣಿಸ್ತೀಯಾ?" ಅಂದಳು ಅಜ್ಜಿ.

"ಹೂಂ. ಚಿಪ್ ಮಾಡೋ ಹರಳಲ್ಲಿ ಬಿಸಿ ಹೇಗೆ ಹರಿಯುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕ್ತೀನಿ."

"ಅದಕ್ಕೆ ಸಂಬಳ ಕೊಡ್ತಾರಾ?"

"ಒಂಚೂರು."

"ಪುಣ್ಯವಂತರು. ನನಗೆ ಕೈಕಾಲು ನಡುಗೋಕೆ ಶುರುವಾಗಿ ಎಷ್ಟು ವರ್ಷ ಆಯ್ತು, ಒಬ್ಬರೂ ಕೇಳಲಿಲ್ಲ."

ಲ್ಯಾಬಿನಲ್ಲಿ ಆ ಹುಡುಗಿಗೆ 'ಮೋಡ' ಎಂದು ಹೆಸರು. ಪರದೆ ಮುಂದೆ ಕೂತವಳು ಕಿಟಕಿಯಾಚೆ ತೇಲಿಹೋಗುತ್ತಾಳೆಂದು ಯಾರೋ ಇಟ್ಟದ್ದು, ಅಂಟಿಕೊಂಡುಬಿಟ್ಟಿತು. ಆ ಕೋಣೆಯಲ್ಲಿ ಎಲ್ಲವೂ ಅಂಟುತ್ತಿತ್ತು. ಮೇಜಿಗೆ ಮೊಣಕೈ ಅಂಟುತ್ತಿತ್ತು. ಮೌಸಿನ ಬೆನ್ನ ಮೇಲೆ ಎಷ್ಟೋ ಜನರ ಬೆರಳ ಜಿಡ್ಡು ಕಪ್ಪುಗಟ್ಟಿ ಕೂತಿತ್ತು. ಕಿಟಕಿಕಟ್ಟೆಯ ಮೇಲಿದ್ದ ಲೋಟದಲ್ಲಿ ಯಾರೋ ಬಿಟ್ಟುಹೋದ ಚಹಾ ಹಸಿರು ತುಪ್ಪಳ ಬೆಳೆಸಿಕೊಂಡಿತ್ತು. ನನ್ನದು ಅನ್ನುವವರಿಲ್ಲದ್ದಕ್ಕೆ ತೊಳೆಯುವವರೂ ಇರಲಿಲ್ಲ. ಯಂತ್ರಗಳು ಊದುವ ಬಿಸಿಗಾಳಿಯಲ್ಲಿ ಹಳೇ ಕಾಲುಚೀಲದ ನಾತ.

ಲ್ಯಾಬಿನ ಯಜಮಾನರನ್ನು ಎಲ್ಲರೂ ದೊಡ್ಡವರು ಎಂದು ಕರೆಯುತ್ತಿದ್ದರು. ಎದುರಿಗೆ ಸರ್, ಬೆನ್ನ ಹಿಂದೆ ದೊಡ್ಡವರು. ಅಂಗಿ ಜೇಬಿನ ತುಂಬ ಹುರಿದ ಕಡಲೆಕಾಯಿ ಬೀಜ. ಹುಡುಗರ ಹೆಗಲ ಮೇಲಿಂದ ಬಾಗಿ ಪರದೆ ನೋಡುತ್ತ, ಅಂಗೈಯಲ್ಲಿ ಬೀಜ ಉಜ್ಜಿ, ಉಫ್ ಎಂದು ಊದುವರು. ಸಿಪ್ಪೆ ಹಾರಿ ಕೀಲಿಮಣೆಯ ಸಂದಿಗೆ ಬೀಳುವುದು. ಯಾರೂ ಮಾತಾಡುವಂತಿರಲಿಲ್ಲ. ಮೋಡ ಪ್ರತಿ ಸಂಜೆ ಕೀಲಿಮಣೆಯನ್ನು ಮಗುಚಿ ಬೆನ್ನಿಗೆ ಗುದ್ದುತ್ತಿದ್ದಳು. ಉದುರಿದ ಸಿಪ್ಪೆಯಲ್ಲಿ ಎಂಜಲಿನ ಹಸಿ ಇನ್ನೂ ಆರಿರುತ್ತಿರಲಿಲ್ಲ.

ಆ ಲ್ಯಾಬಿನಲ್ಲೊಂದು ಪದ್ಧತಿ. ಹೊಸಬರು ಬಂದ ದಿನ ಹಳಬರು ಅವರಿಗೊಂದು ಹರಳು ಕೊಡುತ್ತಾರೆ. ಕಂಪ್ಯೂಟರಿನೊಳಗಿನ ಹರಳು, ಪರಮಾಣುಗಳನ್ನು ಸಾಲಾಗಿ ಜೋಡಿಸಿಟ್ಟ ಪುಟಾಣಿ ಪೆಟ್ಟಿಗೆ. ದೊಡ್ಡವರು ತಮ್ಮ ಹರೆಯದಲ್ಲಿ ತಾವೇ ಮಾಡಿದ್ದು. ಅದಕ್ಕೆ ಲ್ಯಾಬಿನವರು 'ಹೆಪ್ಪು' ಅನ್ನುತ್ತಾರೆ. ಯಾವ ಲೆಕ್ಕವೇ ಆಗಲಿ, ಆ ಹೆಪ್ಪಿನಿಂದಲೇ ಶುರು. ಅದರಲ್ಲಿ ಬಿಸಿ ಹರಿಸಿ ನೋಡಿದರೆ, ದಪ್ಪ ಹರಳಿನ ತುಂಡಿನ ಮೇಲೆ ಜಗತ್ತಿನವರು ಅಳೆದ ಅಂಕಿಯೇ ಕೂದಲೆಳೆಯಷ್ಟೂ ಆಚೀಚೆಯಾಗದೆ ಬರುತ್ತಿತ್ತು. ಅಂಥ ಹೆಪ್ಪನ್ನು ಅನುಮಾನಿಸುವವರು ಯಾರು? ಮೋಡಳೂ ಬಂದಾಗಿನಿಂದ ಅದನ್ನೇ ಹಾಕಿ ಅದೇ ಮೊಸರು ತೆಗೆಯುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಅತ್ತಿಗೆ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಮೇಜಿನ ಮೇಲೊಂದು ಡಬ್ಬಿ ಇಟ್ಟಳು. ಅಣ್ಣ ದೂರದೂರದ ಲಾರಿ ಓಡಿಸುವವನು, ಮನೆಯಲ್ಲಿ ಇದ್ದರುಂಟು ಇಲ್ಲದಿದ್ದರಿಲ್ಲ. ಮನೆ ನಡೆಯುತ್ತಿದ್ದದ್ದು ಅತ್ತಿಗೆಯ ಕೈಯಿಂದ. ಆ ಕೈ ಕಾರ್ಖಾನೆಯಲ್ಲಿ ಚಿಪ್‌ಗಳನ್ನು ಲೋಹದ ತಟ್ಟೆಗೆ ಅಂಟಿಸುವ ಕೈ. ಉಸಿರು ಬಿಗಿಹಿಡಿದು, ಕಡ್ಡಿಯ ತುದಿಯಲ್ಲಿ ಅಂಟು ಇಟ್ಟು, ಉಗುರಿಗಿಂತ ಸಣ್ಣ ಚೂರನ್ನು ಕೂರಿಸುವ ಕೆಲಸ. ಆ ಮೇಜಿಗೆ ಅವಳೇ ಹಿರಿಯಳು.

ಡಬ್ಬಿಯ ಮುಚ್ಚಳ ತೆಗೆದರೆ ಸುಟ್ಟ ಕೂದಲಿನಂಥ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಕರಿಕಾದ ಚಿಪ್‌ಗಳು, ಸತ್ತ ಜಿರಳೆಗಳ ಹಾಗೆ.

"ಇವೆಲ್ಲ ಹೊಸಾ ತೆಳು ಪದರದವು," ಅಂದಳು ಅತ್ತಿಗೆ. "ಗಾಡಿಗಳ ಬ್ಯಾಟರಿ ಚಾರ್ಜ್ ಮಾಡೋ ಯಂತ್ರಕ್ಕೆ. ಬಿಸಿ ಪದರದುದ್ದಕ್ಕೂ ಹರಿದು ಅಂಚಿಗೆ ಬಂದು, ಅಲ್ಲಿಂದ ತಟ್ಟೆಗೆ ಇಳೀಬೇಕು. ಇಳೀತಿಲ್ಲ. ಸುಟ್ಟುಹೋಗ್ತಿವೆ. ಯಾಕೆ ಅಂತ ನಮ್ಮ ಮ್ಯಾನೇಜರು ನಿಮ್ಮ ಲ್ಯಾಬಿಗೇ ಕೇಳಿದ್ರು. ನಿಮ್ಮ ದೊಡ್ಡವರು ಹೇಳಿಕಳಿಸಿದಾರೆ, ಪದರ ತೆಳುವಾದ್ರೂ ದಪ್ಪದಷ್ಟೇ ಬಿಸಿ ಸಾಗಿಸುತ್ತಂತೆ. ಹಾಗಾದ್ರೆ ಉಳಿದಿದ್ದೇನು? ಅಂಟು. ಅಂಟಿಸೋರು ಯಾರು? ನಾನು."

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ," ಅಂದಳು ಮೂಲೆಯಲ್ಲಿ ಕೂತಿದ್ದ ಅಜ್ಜಿ.

"ಕೋತಿ ಯಾರು ಅಂತ ಇನ್ನೂ ಗೊತ್ತಿಲ್ಲ ಅಜ್ಜಿ," ಅಂದಳು ಮೋಡ.

"ಮೇಕೆ ಯಾರು ಅಂತ ಗೊತ್ತಾಯ್ತಲ್ಲ, ಅರ್ಧ ಕೆಲಸ ಮುಗೀತು."

ಅತ್ತಿಗೆ ನಗಲಿಲ್ಲ. "ಶುಕ್ರವಾರ ಸಭೆ. ನನ್ನನ್ನ ಮೇಜಿನಿಂದ ಎಬ್ಬಿಸ್ತಾರೆ. ಎಬ್ಬಿಸಿದ್ರೆ ಎಬ್ಬಿಸ್ಲಿ ಅನ್ನೋಣ ಅಂದ್ರೆ, ಕೈ ಕೆಟ್ಟೋಳು ಅಂತ ಒಂದ್ಸಲ ಹೆಸರು ಬಿದ್ರೆ ಬೇರೆ ಯಾವ ಕಾರ್ಖಾನೇಲೂ ಅಂಟು ಮುಟ್ಟೋಕೆ ಬಿಡಲ್ಲ." ತನ್ನ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ನಿಜ ಹೇಳು ಪುಟ್ಟಿ. ಆ ಲೆಕ್ಕ ಸರಿಯಾ? ಸರಿ ಅಂದ್ರೆ ನಾನೇ ಒಪ್ಪಿಕೊಂಡು ಹೋಗ್ತೀನಿ."

ಮೋಡಳ ಬಾಯಿಂದ ಮಾತು ತಾನಾಗಿ ಬಿತ್ತು. "ನಾನೇ ಮೊದಲಿಂದ ಲೆಕ್ಕ ಹಾಕಿ ನಿಜವಾದ ಅಂಕಿ ತಂದುಕೊಡ್ತೀನಿ ಅತ್ತಿಗೆ. ಶುಕ್ರವಾರದೊಳಗೆ."

ಮರುದಿನ ಲ್ಯಾಬಿಗೆ ಹೋದವಳೇ ಹೆಪ್ಪನ್ನು ತೆರೆದಳು. ಪದರವನ್ನು ತೆಳು ಮಾಡಿ ಬಿಸಿ ಹರಿಸಿದಳು. ಅದೇ ಅಂಕಿ ಬಂತು. ಇನ್ನಷ್ಟು ತೆಳು ಮಾಡಿದಳು. ಅದೇ ಅಂಕಿ. ಈರುಳ್ಳಿ ಸಿಪ್ಪೆಗಿಂತ ಎಷ್ಟೋ ಪಾಲು ತೆಳು ಮಾಡಿದರೂ ಅಂಕಿ ಮಿಸುಕಲಿಲ್ಲ. ದೊಡ್ಡವರ ಮಾತು ನಿಜವಾಗಿತ್ತು. ಅಷ್ಟು ನಿಜವಾಗಿರಬಾರದಿತ್ತು. ಪದರದ ಮೇಲುಕೆಳಗಿನ ಗೋಡೆಗಳು ಹತ್ತಿರ ಬಂದರೆ ಓಡುವವರಿಗೆ ತಾಗಲೇಬೇಕಲ್ಲ, ಯಾಕೆ ಯಾರಿಗೂ ತಾಗುತ್ತಿಲ್ಲ ಎಂದು ಅವಳು ಕಿಟಕಿಯಾಚೆ ನೋಡುತ್ತ ಕೂತಳು. ತೇಲುತ್ತ ತೇಲುತ್ತ ತಾನೇ ಅಜ್ಜಿಗೆ ಹೇಳಿದ ಊರನ್ನು ಹೊಕ್ಕಳು. ಗಿಡ್ಡ ಹೆಜ್ಜೆಯವರು ಇದ್ದರು. ಉದ್ದ ಹೆಜ್ಜೆಯವರನ್ನು ಹುಡುಕಿದಳು. ಒಬ್ಬರೂ ಸಿಗಲಿಲ್ಲ.

ಸಿಗುವುದಾದರೂ ಹೇಗೆ? ಪೆಟ್ಟಿಗೆ ಅಷ್ಟು ಚಿಕ್ಕದು. ಪೆಟ್ಟಿಗೆಯೊಳಗೆ ಹಿಡಿಸುವ ನಡುಕಗಳಷ್ಟೇ ಲೆಕ್ಕಕ್ಕೆ ಬರುತ್ತವೆ; ಒಂದೇ ಹೆಜ್ಜೆಗೆ ಪೆಟ್ಟಿಗೆಯನ್ನೇ ಮೀರುವವರಿಗೆ ಅಲ್ಲಿ ಜಾಗವೇ ಇಲ್ಲ. ಗೋಡೆಗೆ ಹೋಗಿ ಬಡಿಯಬೇಕಾದವರು ಅವರೇ. ಅವರನ್ನು ಹುಟ್ಟಿಸಿಯೇ ಇಲ್ಲದ ಮೇಲೆ ಪದರ ತೆಳುವಾದರೇನು, ದಪ್ಪವಾದರೇನು? ಬರಿದಾದ ಮನೆಯಲ್ಲಿ ಕಳ್ಳನಿಗೇನು ಸಿಕ್ಕೀತು?

ಆದರೆ ಅಂಕಿ? ಬಿಸಿ ಹೊರುವವರಲ್ಲಿ ಅರ್ಧಕ್ಕರ್ಧ ಜನ ಇಲ್ಲದೆಯೂ ದಪ್ಪ ತುಂಡಿನ ಅಂಕಿ ಹೇಗೆ ಸರಿಬಂತು? ಪಕ್ಕದ ಮೇಜಿನಲ್ಲಿದ್ದ ಹಿರಿಯ ವಿದ್ಯಾರ್ಥಿಯನ್ನು ಕೇಳಿದಳು. ಎಲ್ಲದಕ್ಕೂ ಹೌದು ಅನ್ನುವ ಅವನಿಗೆ 'ಸಕ್ಕರೆ' ಎಂದು ಹೆಸರು.

"ಪೆಟ್ಟಿಗೆ ಚಿಕ್ಕದಲ್ವಾ?" ಅಂದಳು.

"ಚಿಕ್ಕದೇ," ಅಂದ ಸಕ್ಕರೆ, ಹಲ್ಲಿನ ಸಂದಿಯಿಂದ ಏನನ್ನೋ ಉಗುರಲ್ಲಿ ಕೀಳುತ್ತ.

"ಗೊತ್ತಾ ನಿನಗೆ?"

"ಎಲ್ಲರಿಗೂ ಗೊತ್ತು. ದೊಡ್ಡವರು ಆಗ ಪೆಟ್ಟಿಗೇನ ಬೆಳೆಸ್ತಾ ಬೆಳೆಸ್ತಾ ಹೋದ್ರಂತೆ, ಅಂಕಿ ಏರ್ತಾ ಏರ್ತಾ ಹೋಯ್ತಂತೆ. ಅಳತೆಯೋರ ಅಂಕಿ ಬಂದ ತಕ್ಷಣ ಕೈ ನಿಲ್ಲಿಸಿದ್ರು." ಕಿತ್ತದ್ದನ್ನು ಒಮ್ಮೆ ನೋಡಿ ಮೇಜಿನಡಿಗೆ ಒರೆಸಿದ. "ಉತ್ತರ ಬಂತಲ್ಲ, ಇನ್ನೇನು ಬೇಕು? ಬಸ್ ಸ್ಟಾಪ್ ಬಂದ್ಮೇಲೂ ಇಳೀದೆ ಕೂತಿರ್ತೀಯಾ?"

ಮೋಡ ತನ್ನ ಕುರ್ಚಿಯನ್ನು ಅವನ ಮೇಜಿನಿಂದ ಹಿಂದೆ ಸರಿಸಿದಳು. ಅದು ತಪ್ಪು ಅನ್ನುವುದಕ್ಕಲ್ಲ, ತಪ್ಪು ಯಾರಿಂದಲೂ ಆದೀತು. ಗೊತ್ತಿದ್ದೂ ಇಷ್ಟು ಜನ ಇಷ್ಟು ವರ್ಷ ಅದರ ಮೇಲೆ ಕೂತು ಡಬ್ಬಿ ಬಿಚ್ಚಿ ಊಟ ಮಾಡಿದ್ದಾರಲ್ಲ! ಅದೇ ಸಾಲಿನಲ್ಲಿ ಕೂತು ತಾನೂ ಉಂಡಿದ್ದಳು. ನಾಲಿಗೆಯ ಮೇಲೆ ಏನೋ ಲೋಳೆ ಕೂತಂತಾಗಿ ಎದ್ದುಹೋಗಿ ಬಾಯಿ ಮುಕ್ಕಳಿಸಿದಳು. ಹೋಗಲಿಲ್ಲ.

ದೊಡ್ಡವರ ಕೋಣೆಗೆ ಹೋದಳು. ಅವರು ಬೀಜ ಉಜ್ಜುತ್ತಿದ್ದರು.

"ಸರ್, ಕಾರ್ಖಾನೆಗೆ ಕೊಟ್ಟ ಉತ್ತರ ತಪ್ಪು. ಹೆಪ್ಪಿನಲ್ಲಿ ಉದ್ದ ನಡುಕಗಳೇ ಇಲ್ಲ. ತೆಳು ಪದರಕ್ಕೆ ಅದನ್ನ ಹಾಕಬಾರದು."

"ಕೂತ್ಕೋಮ್ಮಾ ಮೋಡ." ಉಫ್ ಎಂದರು. ಸಿಪ್ಪೆಯೊಂದು ಹಾರಿಬಂದು ಅವಳ ತೋಳಿಗಂಟಿತು. "ತಪ್ಪು ಅಂತೀಯ. ಅಳತೆಗೆ ಹೊಂದುತ್ತೋ ಇಲ್ವೋ?"

"ದಪ್ಪದಕ್ಕೆ ಹೊಂದುತ್ತೆ ಸರ್. ಆದ್ರೆ ಅದು..."

"ಹೊಂದುತ್ತೆ ತಾನೆ? ಮಗು ಚೆನ್ನಾಗಿ ನಡೀತಿದ್ರೆ ಅದರ ಜಾತಕ ಯಾಕೆ ಕೇಳ್ತೀಯ?" ತಮ್ಮ ಮಾತಿಗೆ ತಾವೇ ನಕ್ಕರು. ಜಗಿದ ಬೀಜ ಹಲ್ಲುಗಳ ನಡುವೆ ಬಿಳಿ ಹಿಟ್ಟಾಗಿ ಕಂಡಿತು. "ಅಲ್ಲಿ ಸುಡ್ತಿದೆ ಅಂದ್ರೆ ಯಾರೋ ಅಂಟು ಸರಿಯಾಗಿ ಹಾಕಿಲ್ಲ. ಓದುಬರಹ ಇಲ್ಲದ ಕೈಗಳು, ಏನು ಮಾಡೋಕಾಗುತ್ತೆ."

ಆ ಕೈಗಳು ಬೆಳಿಗ್ಗೆ ತನ್ನ ಊಟದ ಡಬ್ಬಿ ಕಟ್ಟಿದ್ದವು ಎಂದು ಮೋಡ ಹೇಳಲಿಲ್ಲ. ಹೇಳಿದರೆ ಅದೂ ಆ ಹಿಟ್ಟಿನ ಬಾಯಿಗೆ ಹೋಗಿಬಿಡುತ್ತದೆ ಅನಿಸಿತು. "ದೊಡ್ಡ ಹರಳು ಕಟ್ಟಿ ನೋಡ್ತೀನಿ ಸರ್," ಅಂದಳಷ್ಟೇ.

"ಯಾರ ಪಾಲಿನಲ್ಲಿ? ಲ್ಯಾಬಿನ ಪಾಲು ಮುಟ್ಟೋಹಾಗಿಲ್ಲ."

ಪಾಲೆಂದರೆ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿನ ಹೊತ್ತು. ವರ್ಷಕ್ಕಿಷ್ಟು ಎಂದು ಪ್ರತಿ ವಿದ್ಯಾರ್ಥಿಗೂ ಅಳೆದು ಕೊಡುತ್ತಾರೆ. ಮೋಡ ತನ್ನದನ್ನು ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯಕ್ಕೆಂದು ಜೋಪಾನ ಮಾಡಿದ್ದಳು. "ನನ್ನ ಪಾಲಲ್ಲಿ," ಅಂದು ಎದ್ದಳು. ತೋಳಿನ ಸಿಪ್ಪೆಯನ್ನು ಬಾಗಿಲಾಚೆ ಬಂದ ಮೇಲೆ ಕೊಡವಿದಳು. ಚರ್ಮದ ಮೇಲೆ ಒದ್ದೆ ಉಳಿದಿತ್ತು.

ಹೆಪ್ಪನ್ನು ಬದಿಗಿಟ್ಟು ಹೊಸದಾಗಿ ಊರು ಕಟ್ಟಿದಳು. ಎಷ್ಟು ಉದ್ದದ ಹೆಜ್ಜೆಯವರಿಗೂ ಕಾಲು ಚಾಚಲು ಜಾಗವಿರುವ ಊರು. ಪರದೆಯಲ್ಲಿ ಅದು ಬೆಳೆಯುತ್ತಿದ್ದರೆ ಅವಳಿಗೆ ಕೋಣೆಯ ನಾತವೂ ಮರೆತುಹೋಯಿತು. ಲೆಕ್ಕಕ್ಕೆ ಬಿಟ್ಟು ಮನೆಗೆ ಹೋದಳು, ಮರುದಿನ ಬಂದು ನೋಡಿದಳು. ದಪ್ಪ ತುಂಡಿನ ಅಂಕಿ ಹೊಂದುವ ಮಾತಿರಲಿ, ಅಳತೆಯನ್ನು ಹಾರಿ ಎಲ್ಲೋ ಆಕಾಶದಲ್ಲಿತ್ತು.

ಸಕ್ಕರೆ ಕಂಡವನೇ ಕೂಗಿದ. "ಸರ್, ಬನ್ನಿ, ಮೋಡ ಮಳೆ ಸುರಿಸಿದೆ!"

ದೊಡ್ಡವರು ಬಂದು ಹೆಗಲ ಮೇಲಿಂದ ಬಾಗಿದರು. ಕಿವಿಯ ಹತ್ತಿರ ಜಗಿಯುವ ಚಪಚಪ ಸದ್ದು. "ನೋಡಿದ್ಯಾ? ನಿನ್ನ ಹರಳು ಜಗತ್ತಲ್ಲೇ ಇಲ್ಲದಷ್ಟು ಬಿಸಿ ಸಾಗಿಸ್ತಿದೆ. ನನ್ನದು ಸುಳ್ಳಾದ್ರೂ ಉತ್ತರ ನಿಜ. ನಿನ್ನದು ನಿಜವಾಗಿ ಉತ್ತರ ಸುಳ್ಳು. ಯಾವುದನ್ನ ಇಟ್ಕೊಂಡು ಬದುಕಬೇಕು ಹೇಳು?" ಹೆಗಲು ತಟ್ಟಿದರು. ತಟ್ಟಿದ ಕೈ ಅಲ್ಲೇ ಸ್ವಲ್ಪ ಹೊತ್ತು ಬೆಚ್ಚಗೆ ಕೂತಿತ್ತು. "ಹೋಗಲಿ, ಪಾಲು ಸ್ವಲ್ಪ ಉಳಿದಿದೆಯಲ್ಲ, ಪ್ರಬಂಧಕ್ಕೆ ಇಟ್ಕೋ."

ಅವರು ಹೋದ ಮೇಲೆ ಮೋಡ ಹೆಗಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಮೈಗೆ ತಾಗದ ಹಾಗೆ ಹಿಡಿದುಕೊಂಡು ಕೂತಳು. ಮನೆಗೆ ಹೋಗಿ ಅತ್ತಿಗೆಯ ಮುಖ ನೋಡುವ ಧೈರ್ಯವಿರಲಿಲ್ಲ. ಆದರೂ ಹೋದಳು. ಅತ್ತಿಗೆ ನಾಳಿದ್ದಿನ ಸಭೆಗೆಂದು ತನ್ನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಹೊರಹಾಕುವವರ ಎದುರೂ ಸುಕ್ಕು ಕಾಣಬಾರದು ಎಂಬಂತೆ, ಕಾಲರಿನ ಮೇಲೆ ಮತ್ತೆ ಮತ್ತೆ ಒತ್ತುತ್ತಿದ್ದಳು.

"ಏನೇ, ಮುಖ ಹೀಗೆ?" ಅಂದಳು ಅಜ್ಜಿ.

"ಊರು ದೊಡ್ಡದು ಮಾಡಿದೆ ಅಜ್ಜಿ. ಎಲ್ಲರೂ ತಡೆಯಿಲ್ಲದೆ ಓಡ್ತಿದಾರೆ. ಒಬ್ಬರೂ ಎಡವ್ತಿಲ್ಲ."

"ಒಳ್ಳೇದಾಯ್ತಲ್ಲ."

"ಒಳ್ಳೇದಲ್ಲ. ಊರು ಅಂದ್ಮೇಲೆ..." ಎಂದವಳು ನಿಂತುಬಿಟ್ಟಳು.

ಊರೆಂದಮೇಲೆ ಎಲ್ಲರೂ ಒಂದೇ ತೂಕದವರು ಇರುತ್ತಾರೆಯೇ? ಅವಳು ಊರನ್ನು ದೊಡ್ಡದು ಮಾಡಿದ್ದಳೇ ಹೊರತು ಮನೆಯವರನ್ನು ಹೆಪ್ಪಿನಿಂದಲೇ ತಂದು ಕೂರಿಸಿದ್ದಳು. ಕನ್ನಡಿಯಂತೆ ಶುದ್ಧ, ಒಬ್ಬನಂತೆ ಇನ್ನೊಬ್ಬ. ನಿಜವಾದ ಹರಳಿನಲ್ಲಿ ಹಾಗಿರುವುದಿಲ್ಲ. ಅದೇ ಧಾತುವಿನಲ್ಲೂ ತುಸು ಭಾರದ ಪರಮಾಣುಗಳು ಹುಟ್ಟಿನಿಂದಲೇ ಬೆರೆತಿರುತ್ತವೆ. ಚಿಪ್ ಕೆಲಸ ಮಾಡಲೆಂದು ಬೇಕೆಂದೇ ಬೆರೆಸಿದ ಬೇರೆ ಧಾತುವೂ ಇರುತ್ತದೆ. ಗಿಡ್ಡ ಹೆಜ್ಜೆಯವರು ಎಡವುವುದು ಇವರ ಮೇಲೆಯೇ. ಉದ್ದ ಹೆಜ್ಜೆಯವರು ಇವರನ್ನು ದಾಟಿ ಹೋಗುತ್ತಾರೆ.

ಒಮ್ಮೆಗೇ ಎಲ್ಲ ಕಣ್ಣೆದುರು ಬಿಚ್ಚಿಕೊಂಡಿತು. ದೊಡ್ಡವರ ಹೆಪ್ಪಿನಲ್ಲಿ ಎರಡು ಸುಳ್ಳಿದ್ದವು. ಉದ್ದ ಹೆಜ್ಜೆಯವರನ್ನು ಹೊರಗಟ್ಟಿದ್ದು ಒಂದು. ಅವರು ಹೊರಬೇಕಾದ ಬಿಸಿಯನ್ನು, ಎಡವಲು ಕಲ್ಲೇ ಇಲ್ಲದ ನೆಲದಲ್ಲಿ, ಗಿಡ್ಡ ಹೆಜ್ಜೆಯವರ ತಲೆ ಮೇಲೆ ಹೊರಿಸಿದ್ದು ಇನ್ನೊಂದು. ಒಂದು ಸುಳ್ಳು ಅಂಕಿಯನ್ನು ಇಳಿಸಿತ್ತು, ಇನ್ನೊಂದು ಏರಿಸಿತ್ತು. ಎರಡೂ ತಬ್ಬಿಕೊಂಡು ಸತ್ಯದ ಎತ್ತರಕ್ಕೆ ಸರಿಯಾಗಿ ನಿಂತಿದ್ದವು. ಅಷ್ಟು ವರ್ಷ ಬಿಡದೆ ಬೆಸೆದುಕೊಂಡು, ಒಂದರ ಬೆವರು ಇನ್ನೊಂದಕ್ಕೆ ಹತ್ತಿ.

ಬೆಳಗಾಗುತ್ತಲೇ ಲ್ಯಾಬು ಸೇರಿದಳು. ಊರಿಗೆ ಕೊಳೆ ತುಂಬಿದಳು. ನಿಜವಾದ ಪದರದಲ್ಲಿ ಎಷ್ಟು ಭಾರದವರು, ಎಷ್ಟು ಪರಕೀಯರು ಇರುತ್ತಾರೋ ಅಷ್ಟನ್ನೇ, ಒಂದು ಚಿಟಿಕೆ ಹೆಚ್ಚಿಲ್ಲ, ಒಂದು ಚಿಟಿಕೆ ಕಡಿಮೆಯಿಲ್ಲ. ಈ ಸಲ ಅಂಕಿ ಬೇಕಾದಲ್ಲಿಗೆ ಬಂದಾಗ ನಿಲ್ಲಿಸುವ ಆಟವಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಎಲ್ಲವನ್ನೂ ಮೊದಲೇ ಬಿಗಿದು, ಕೈ ಕಟ್ಟಿ ಕೂತಳು. ಉಳಿದ ಪಾಲೆಲ್ಲ ಸುರಿದಾಗಿತ್ತು. ಅಧ್ಯಾಯಕ್ಕೆಂದು ಇನ್ನು ತೊಟ್ಟೂ ಇರಲಿಲ್ಲ.

"ಆಗಿದ್ದು ಆಯ್ತು ಬಿಡು," ಎಂದ ಸಕ್ಕರೆ, ಅವಳ ಮೇಜಿನ ಬಿಸ್ಕತ್ತನ್ನು ಕೇಳದೆ ತೆಗೆದು ಕಚ್ಚುತ್ತ. "ದೊಡ್ಡವರ ಜೊತೆ ಹೊಂದಿಕೊಂಡು ಹೋದ್ರೆ ನಿನಗೇ ಒಳ್ಳೇದು. ನಾನು ಹೋಗ್ತಿಲ್ವಾ?"

"ನೀನು ಹೋಗ್ತಿಲ್ಲ, ಕರಗ್ತಿದೀಯ," ಅಂದಳು ಮೋಡ. "ಉಳಿದದ್ದನ್ನೂ ನೀನೇ ತಿನ್ನು. ಎಂಜಲು ನನಗೆ ಬೇಡ."

ಸಂಜೆಗೆ ಉತ್ತರ ಬಂತು. ದಪ್ಪ ತುಂಡಿಗೆ ಅಳತೆಯ ಅಂಕಿಯೇ ಬಂದಿತ್ತು, ಯಾರೂ ಎಳೆದು ತರದೆ ತಾನಾಗಿ. ತೆಳು ಪದರಕ್ಕೆ ಅದರ ಅರ್ಧಕ್ಕಿಂತ ಕಡಿಮೆ. ಉದ್ದ ಹೆಜ್ಜೆಯವರು ಗೋಡೆಗೆ ಬಡಿದು ಬೀಳುತ್ತಿದ್ದರು, ಗಿಡ್ಡ ಹೆಜ್ಜೆಯವರು ಕೊಳೆಯಲ್ಲಿ ಎಡವುತ್ತಿದ್ದರು, ಬಿಸಿ ನಟ್ಟನಡುವೆ ಕೂತು ಉರಿಯುತ್ತಿತ್ತು. ಅಂಟಿನವರೆಗೆ ಅದು ತಲುಪುತ್ತಲೇ ಇರಲಿಲ್ಲ. ದೇವರೇ ಬಂದು ಅಂಟಿಸಿದರೂ ಆ ಚಿಪ್ ಸುಡುತ್ತಿತ್ತು.

ದೊಡ್ಡವರು ಬಂದರು, ಬಹಳ ಹೊತ್ತು ನೋಡಿದರು. ಬಾಯಿ ಆಡುವುದು ನಿಂತಿತು. ಮೋಡ ಬೈಗುಳಕ್ಕೆ ಸಿದ್ಧಳಾದಳು. ಬಂದದ್ದು ಬೈಗುಳವಲ್ಲ.

"ಚೆನ್ನಾಗಿದೆ," ಅಂದರು, ದನಿಗೆ ಬೆಣ್ಣೆ ಸವರಿ. "ಬಹಳ ಚೆನ್ನಾಗಿದೆ. ನಾನು ಯಾವಾಗಲೂ ಹೇಳ್ತಿದ್ದೆ, ತೆಳು ಪದರದಲ್ಲಿ ಹುಷಾರಾಗಿರಬೇಕು ಅಂತ. ಆರು ತಿಂಗಳು ಬಿಟ್ಟು ಇದನ್ನ ನಾವಿಬ್ಬರೂ ಸೇರಿ ಪ್ರಕಟಿಸೋಣ. ಅಲ್ಲೀವರೆಗೆ ಹೊರಗೆ ಬಿಡಬೇಡ. ಕಾರ್ಖಾನೆಗೆ ಈಗಲೇ ಯಾಕೆ ಹೇಳ್ಬೇಕು? ಅವರ ಅಂಟಿನ ಜಗಳ ಅವರಿಗಿರಲಿ." ಅಂಗೈಯನ್ನು ಮುಂದೆ ಚಾಚಿದರು. ಸುಲಿದ ಬೀಜಗಳು, ಬೆವರಿಗೆ ಹೊಳೆಯುತ್ತಿದ್ದವು. "ತಗೋ."

ಬೈದಿದ್ದರೆ ಚೆನ್ನಾಗಿತ್ತು. ಈ ಅಂಗೈಯನ್ನು ನೋಡಿ ಅವಳು ತನ್ನ ಕೈ ಹಿಂದಕ್ಕೆಳೆದುಕೊಂಡಳು. "ಬೇಡ ಸರ್," ಅಂದಳು. "ನಾಳೆ ಹೇಳಿಬರ್ತೀನಿ. ನನ್ನ ಹೆಸರಲ್ಲಿ."

"ಹೇಳಿದ್ರೆ ಈ ಕೋಣೇಲಿ ನಿನಗೆ ಕುರ್ಚಿ ಇರಲ್ಲ."

"ಆ ಕುರ್ಚೀನೂ ಅಂಟುತ್ತೆ ಸರ್," ಅಂದು ಚೀಲ ಹೆಗಲಿಗೇರಿಸಿದಳು.

ಶುಕ್ರವಾರ ಕಾರ್ಖಾನೆಯ ಸಭೆ ಕೋಣೆಯಲ್ಲಿ ಅತ್ತಿಗೆ ಇಸ್ತ್ರಿ ಅಂಗಿ ತೊಟ್ಟು ಮೇಜಿನ ಒಂದು ಕೊನೆಗೆ ಕೂತಿದ್ದಳು, ಮೋಡ ಅವಳ ಪಕ್ಕ. ಎದುರಿಗೆ ಮ್ಯಾನೇಜರು. ಜಾಗ ತಪ್ಪಿ ಬಂದ ಹುಡುಗಿಯನ್ನು ನೋಡುವಂತೆ ನೋಡಿದ.

"ನೀವ್ಯಾರಮ್ಮಾ?"

"ನಿಮಗೆ ತಪ್ಪು ಅಂಕಿ ಕೊಟ್ಟ ಲ್ಯಾಬಿನವಳು. ಸರಿಯಾದದ್ದು ತಂದಿದೀನಿ."

ಮೋಡ ಹೇಳಿದಳು. ಪದರದ ದಪ್ಪ ಇಷ್ಟು, ಅದು ಸಾಗಿಸುವ ಬಿಸಿ ಇಷ್ಟೇ, ಅಂಚಿಗೆ ತಲುಪುವ ಹೊತ್ತಿಗೆ ನಡುವೆ ಸುಟ್ಟಿರುತ್ತದೆ. ಎಷ್ಟು ದಪ್ಪವಾದರೆ ಉಳಿಯುತ್ತದೆ ಎಂಬುದನ್ನೂ ಹೇಳಿದಳು. ಮ್ಯಾನೇಜರು ಕರಿಕಾದ ಚಿಪ್ ಒಂದನ್ನು ಕಣ್ಣಿಗೆ ಹಿಡಿದು ತಿರುಗಿಸಿದ. ಕಪ್ಪು ನಡುವೆ ಇತ್ತು, ಅಂಚು ಬೆಳ್ಳಗಿತ್ತು. ಅಷ್ಟು ದಿನ ಅದು ಅವನ ಮೇಜಿನ ಮೇಲೆಯೇ ಇತ್ತು.

"ಹೂಂ, ನಮಗೂ ಪದರದ ಮೇಲೆ ಅನುಮಾನ ಇತ್ತು," ಅಂದ, ನಾಚಿಕೆಯ ಸುಳಿವೇ ಇಲ್ಲದೆ. ಕರವಸ್ತ್ರ ತೆಗೆದು ಮೂಗು ಒರೆಸಿ, ಒಳಗೆ ನೋಡಿ, ಮಡಚಿ ಜೇಬಿಗಿಟ್ಟ. "ಸರಿ, ದಪ್ಪ ಮಾಡಿಸೋಣ. ಅಂಟಿನ ಮಾತು ಬಿಟ್ಟುಬಿಡಿ. ಎಲ್ಲರೂ ಕೆಲಸಕ್ಕೆ ಹೋಗಿ."

ಅತ್ತಿಗೆ ಏಳಲಿಲ್ಲ. "ಬಿಟ್ಟುಬಿಡಿ ಅಂದ್ರೆ ಸಾಲಲ್ಲ. ನನ್ನ ಕೈಯದ್ದಲ್ಲ ಅಂತ ಬಾಯಿಬಿಟ್ಟು ಹೇಳಿ. ಕೈಯದ್ದೇ ಅಂತ ಎಲ್ಲರೆದುರಿಗೆ ಹೇಳಿದ್ರಲ್ಲ, ಹಾಗೇ."

ಮ್ಯಾನೇಜರು ಬಾಗಿಲ ಕಡೆ ನೋಡಿದ. ಹೊರಗೆ ಅಂಟಿನ ಮೇಜಿನ ಹೆಂಗಸರು ಕೆಲಸ ಬಿಟ್ಟು ಸಾಲಾಗಿ ನಿಂತಿದ್ದರು. ಅವನ ಮುಖ ಕಹಿ ಗುಳಿಗೆ ನುಂಗಿದವನಂತಾಯಿತು. ಮೋಡ ಆ ಮುಖವನ್ನು ನೋಡಿದಳು. ಅದರಲ್ಲಿ ಪಶ್ಚಾತ್ತಾಪವಿರಲಿಲ್ಲ, ಕಹಿಯಷ್ಟೇ ಇತ್ತು. ಇಷ್ಟು ಶುಭ್ರವಾದ ಲೆಕ್ಕವನ್ನು ಇಂಥವನ ಬಾಯಿಂದ ಹೇಳಿಸಬೇಕಾಯಿತಲ್ಲ ಎಂದು ಹೇಸಿಗೆಯಾಯಿತು. ಆದರೂ ಅವಳು ಕದಲದೆ ಕಾದಳು.

"ಈ ತಾಯಿ ಕೈಯಲ್ಲಿ ತಪ್ಪಿಲ್ಲ," ಅಂದ ಮ್ಯಾನೇಜರು ಗೋಡೆಗೆ.

"ಗೋಡೆಗಲ್ಲ," ಅಂದಳು ಮೋಡ. "ಬಾಗಿಲಿಗೆ."

ಅವನು ತಿರುಗಿದ, ಬಾಗಿಲಿಗೆ ಕೇಳುವಷ್ಟು ಜೋರಾಗಿ ಮತ್ತೊಮ್ಮೆ ಹೇಳಿದ. ಅತ್ತಿಗೆ ಎದ್ದು, ಅಂಗಿಯ ತೋಳನ್ನು ಮೊಣಕೈಗೆ ಮಡಚಿಕೊಂಡು, ತನ್ನ ಮೇಜಿಗೆ ಹೋಗಿ ಕೂತಳು.